ಗ್ಯಾರೇಜ್ ಕಟ್ಟೆ: ಮುರಿದ ಬೋಲ್ಟಿಗೆ ಬಲ ಬೇಡ, ಬಿಸಿ ಬೇಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರೋಗದ್ದು. ಹಳೆ ಗಾಡಿ, ಜಾಮ್ ಆದ ಬೋಲ್ಟ್, ಟಾಮಿಗೆ (ಸ್ಪ್ಯಾನರ್ ತಿರುಗಿಸುವ ಉದ್ದ ಹಿಡಿ) ಪೈಪ್ ಹಾಕಿ ಎಳೆದಿದ್ದು, ಆಮೇಲೆ 'ಟಕ್' ಅಂತ ಸದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿ ಇವುಗಳನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಮ್ಮದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ತಗೊಂಡಿದ್ದು, ಮಾರುವ ಮನಸ್ಸಿಲ್ಲ. ಸ್ಟಾರ್ಟ್ ಮಾಡಿದರೆ ಟಪ್ ಟಪ್ ಸದ್ದು ಬರುತ್ತಿತ್ತು. ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೋಗಿದೆ ಅಂದರು. ನಟ್ ಬಿಚ್ಚುವಾಗ ತುದಿಯ ಸ್ಟಡ್, ಅಂದರೆ ಎಂಜಿನ್ನಿಗೆ ಕೂರಿಸಿದ ತ್ರೆಡ್ ಕಡ್ಡಿ, ಕಟ್ ಆಯಿತು. ಮ್ಯಾನಿಫೋಲ್ಡ್ ತೆಗೆದು ನೋಡಿದರೆ ಅರ್ಧ ಸೆಂಟಿಮೀಟರಿನಷ್ಟು ತುಂಡು ಹೊರಗಿದೆ, ಉಳಿದದ್ದು ಹೆಡ್ (ಎಂಜಿನ್ನಿನ ಮೇಲ್ಭಾಗ) ಒಳಗೆ. ಒಬ್ಬರು ಹೆಡ್ ಇಳಿಸಲೇಬೇಕು ಅಂತಾರೆ. ಇನ್ನೊಬ್ಬರು ತೂತು ಕೊರೆದು ಈಜಿ ಔಟ್ ಅನ್ನೋ ಉಲ್ಟಾ ತ್ರೆಡ್ಡಿನ ಸಲಾಕೆ ಹಾಕಿ ತಿರುಗಿಸಿದರೆ ಐದು ನಿಮಿಷದ ಕೆಲಸ ಅಂತಾರೆ. ಅಕ್ಕನ ಮಗ ಮೊಬೈಲಿನಲ್ಲಿ ವಿಡಿಯೋ ನೋಡಿ ಡ್ರಿಲ್ ಮಿಷನ್ ಹಿಡಿದು ನಿಂತಿದ್ದಾನೆ. ಯಾರ ಮಾತು ಕೇಳಲಿ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ಅಕ್ಕನ ಮಗನ ಕೈಯಿಂದ ಡ್ರಿಲ್ ಇಸಿದುಕೊಳ್ಳಿ. ಆಮೇಲೆ ಮಾತಾಡೋಣ.

ನಿಮ್ಮ ಪುಣ್ಯ, ಅರ್ಧ ಸೆಂಟಿಮೀಟರ್ ಹೊರಗಿದೆ. ಇಷ್ಟು ಇದ್ದರೆ ಹೆಡ್ ಇಳಿಸದೆ ತೆಗೆಯುವ ದಾರಿ ಇದೆ. ಆದರೆ ಆ ಅರ್ಧ ಸೆಂಟಿಮೀಟರೇ ನಿಮ್ಮ ಆಸ್ತಿ. ಅದನ್ನು ಪ್ಲೈಯರ್‌ನಲ್ಲಿ ಹಿಡಿದು ತಿರುಚಿ, ಹಲ್ಲು ಬಿದ್ದು, ಅದೂ ಮುರಿದು ಹೆಡ್ ಮಟ್ಟಕ್ಕೆ ಬಂದರೆ ಕೆಲಸ ಎರಡು ಪಟ್ಟು ಆಗುತ್ತದೆ.

ಈಜಿ ಔಟ್ ಯಾಕೆ ಬೇಡ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಹೇಳುವವರು ತುಂಬ ಧೈರ್ಯದಿಂದ ಹೇಳುತ್ತಾರೆ. 8 ಎಂಎಂ ಬೋಲ್ಟಿಗೆ ಹಾಕಬೇಕಾದ ಬಿಗಿ ಸುಮಾರು 25 ನ್ಯೂಟನ್ ಮೀಟರ್. ಅಂದರೆ ಒಂದು ಅಡಿ ಉದ್ದದ ಟಾಮಿಯ ತುದಿಗೆ ಎಂಟೊಂಬತ್ತು ಕೆಜಿ ಭಾರ ಬಿಟ್ಟಷ್ಟು. ನಿಮ್ಮ ಸ್ಟಡ್ ಅದಕ್ಕಿಂತ ಎಷ್ಟೋ ಜಾಸ್ತಿ ಬಲ ತಿಂದು, ಬಗ್ಗದೆ, ಕೊನೆಗೆ ಮುರಿಯಿತು. ಪೂರ್ತಿ 8 ಎಂಎಂ ದಪ್ಪದ ಉಕ್ಕೇ ತಡೆಯದ ಬಲವನ್ನು, ಅದರ ಹೊಟ್ಟೆಯೊಳಗೆ ತೂರಿಸಿದ ನಾಲ್ಕೈದು ಎಂಎಂ ಸಲಾಕೆ ತಡೆಯುತ್ತದಾ? ಯೋಚನೆ ಮಾಡಿ. ಅದು ಮೊನೆಯಿಂದ ದಪ್ಪ ಆಗುತ್ತಾ ಹೋಗುವ ಉಪಕರಣ ಬೇರೆ. ಒಳಗೆ ಬಿಗಿದಷ್ಟೂ ಸ್ಟಡ್ಡನ್ನು ಹಿಗ್ಗಿಸಿ ಗೋಡೆಗೆ ಇನ್ನಷ್ಟು ಒತ್ತುತ್ತದೆ. ತ್ರೆಡ್ ಜಾಮ್ ಆಗದೆ, ಸುಮ್ನೆ ತಲೆ ಮಾತ್ರ ಹಾರಿಹೋದ ಬೋಲ್ಟಿಗೆ ಈಜಿ ಔಟ್ ಒಳ್ಳೆಯದೇ. ತುಕ್ಕಿಗೆ ಸಿಕ್ಕಿ ಮುರಿದದ್ದಕ್ಕೆ ಅಲ್ಲ. ಒಳಗೆ ಅದೂ ಮುರಿದರೆ ಏನಾಗುತ್ತದೆ ಅನ್ನೋದಕ್ಕೆ ಕೆಳಗೆ ಚಳ್ಳಕೆರೆಯವರ ಪತ್ರ ಓದಿ.

ಈಗ ಸ್ಟಡ್ ಯಾಕೆ ಹಿಡಿದುಕೊಂಡಿದೆ ಅನ್ನೋದು. ಮಾರುತಿ 800ರ ಹೆಡ್ ಅಲ್ಯೂಮಿನಿಯಮ್, ಸ್ಟಡ್ ಉಕ್ಕು. ಬೇರೆ ಬೇರೆ ಲೋಹ, ಮಧ್ಯೆ ತೇವ, ಇಷ್ಟಿದ್ದರೆ ಅಲ್ಯೂಮಿನಿಯಮ್ ನಿಧಾನವಾಗಿ ಕೊರೆದು ಬಿಳಿ ಪುಡಿ ಆಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ತ್ರೆಡ್ ಸಂದಿಯಲ್ಲಿ ಜಾಗ ಎಲ್ಲಿದೆ? ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಇನ್ನು ತುದಿಯದ್ದೇ ಮುರಿಯೋದಕ್ಕೂ ಕಾರಣ ಇದೆ. ಮ್ಯಾನಿಫೋಲ್ಡ್ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಅದೂ ಹೆಡ್ಡೂ ಬಿಸಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಮಧ್ಯದ ಸ್ಟಡ್ಡಿಗೆ ಆ ಎಳೆದಾಟ ಅಷ್ಟಾಗಿ ತಾಗುವುದಿಲ್ಲ, ತುದಿಯವಕ್ಕೆ ಪೂರ್ತಿ ತಾಗುತ್ತದೆ. ಗಾಡಿ ಓಡಿದಷ್ಟೂ ವರ್ಷ ದಿನಾ ಬಿಸಿ, ದಿನಾ ತಣ್ಣಗೆ. ನಿಮ್ಮ ಮೆಕ್ಯಾನಿಕ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಆ ಸ್ಟಡ್ ಮುಕ್ಕಾಲು ಪಾಲು ಮೊದಲೇ ಸೋತಿತ್ತು.

ಕೆಲಸ ಹೀಗೆ ಮಾಡಿಸಿ. ವೈರ್ ಬ್ರಷ್‌ನಲ್ಲಿ ಸ್ಟಡ್ ಬುಡ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಡಿ. ಅಂಗಡಿಯ ಸ್ಪ್ರೇ ಆದರೂ ಸರಿ. ಅಸಿಟೋನ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧರ್ಧ ಕಲಸಿಕೊಂಡರೂ ಚೆನ್ನಾಗಿ ಇಳಿಯುತ್ತದೆ. ಅದು ಬೇಗ ಬೇರ್ಪಡುತ್ತದೆ, ಪ್ರತಿ ಸಲ ಅಲ್ಲಾಡಿಸಿ ಬಿಡಬೇಕು. ಸಾಯಂಕಾಲ ಬಿಟ್ಟು, ಸಣ್ಣ ಸುತ್ತಿಗೆಯಲ್ಲಿ ಸ್ಟಡ್ ತಲೆಗೆ ನೇರವಾಗಿ ನಾಲ್ಕಾರು ಏಟು ಕೊಡಿ. ಜೋರಾಗಿ ಬೇಡ. ಒಳಗಿನ ಪುಡಿ ಬಿರುಕು ಬಿಡಲಿ ಅಂತ ಅಷ್ಟೆ. ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಬಿಡಿ. ಎಣ್ಣೆಗೆ ಬೇಕಾಗಿರೋದು ಹೊತ್ತು. ಐದು ನಿಮಿಷ ಬಿಟ್ಟು ಕೈ ಹಾಕುವವರು ಎಣ್ಣೆಯನ್ನು ಬೈಯುತ್ತಾರೆ, ಅದರ ತಪ್ಪೇನಿಲ್ಲ.

ಆಮೇಲೆ ನಟ್ ವೆಲ್ಡ್ ಮಾಡಿಸುವುದು. ಇದೇ ಮುಖ್ಯ ಕೆಲಸ. ಪಿ.ಬಿ. ರಸ್ತೆ ಉದ್ದಕ್ಕೂ ಲಾರಿ ಕೆಲಸ ಮಾಡುವ ವೆಲ್ಡರ್‌ಗಳು ಸಿಗುತ್ತಾರೆ, ಇದು ಅವರಿಗೆ ಹೊಸದಲ್ಲ. ಕೈ ಪಳಗಿದವರನ್ನೇ ಹುಡುಕಿ. ಸ್ಟಡ್ಡಿಗೆ ಮೊದಲು ಒಂದು ವಾಷರ್ ಹಾಕಿ ಹೆಡ್ ಮುಖ ಮುಚ್ಚಬೇಕು. ಅದರ ಮೇಲೆ ಒಂದು ನಟ್ ಕೂರಿಸಬೇಕು. 8ರ ನಟ್ ಬೇಕಿಲ್ಲ, 10ರದ್ದು ಒಳ್ಳೆಯದು, ತೂತು ದೊಡ್ಡದಿರುತ್ತದೆ, ರಾಡ್ ಒಳಗೆ ಹೋಗುತ್ತದೆ. ನಟ್ ಬಿಳಿ ಪಾಲಿಶ್ ಇಲ್ಲದ್ದಾಗಿರಲಿ. ಸತುವಿನ ಲೇಪ ಇದ್ದರೆ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದವರಿಗೆ ರಾತ್ರಿ ಜ್ವರ ಬರುತ್ತದೆ. ಎರಡೂವರೆ ಎಂಎಂ ರಾಡ್‌ನಲ್ಲಿ ನಟ್ಟಿನ ತೂತಿನೊಳಗೆ, ಸ್ಟಡ್ ತಲೆಯ ಮೇಲಿಂದ ಶುರು ಮಾಡಿ ತುಂಬುತ್ತಾ ಬರಬೇಕು. ಪಕ್ಕದ ಹೆಡ್ಡಿಗೆ ವೆಲ್ಡ್ ಅಂಟುತ್ತದೆ ಅನ್ನೋ ಭಯ ಬೇಡ. ಉಕ್ಕಿನ ರಾಡ್ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ. ಆದರೆ ಕಿಡಿ ನೇರ ತಾಗಿದರೆ ಕರಗಿ ಗುಳಿ ಬೀಳುತ್ತದೆ, ಅದಕ್ಕೇ ವಾಷರ್.

ಇಲ್ಲಿ ಮಜಾ ಏನೆಂದರೆ, ನಟ್ ಅಂಟುವುದು ಅರ್ಧ ಲಾಭ ಮಾತ್ರ. ಇನ್ನರ್ಧ ಲಾಭ ಆ ಬಿಸಿ. ಸ್ಟಡ್ ಕೆಂಪಗೆ ಕಾದಾಗ ಹಿಗ್ಗಿ ಸುತ್ತಲಿನ ಪುಡಿಯನ್ನು ಅರೆಯುತ್ತದೆ, ತಣ್ಣಗಾಗುವಾಗ ಕುಗ್ಗಿ ಸಂದು ಬಿಡುತ್ತದೆ. ಹಾಗಾಗಿ ವೆಲ್ಡ್ ಆದ ತಕ್ಷಣ ಸ್ಪ್ಯಾನರ್ ಹಾಕಬಾರದು. ಕೆಂಪು ಹೋಗಿ ಕಪ್ಪಾಗುವವರೆಗೆ ಕಾಯಬೇಕು. ಆಗ ಒಂದು ಮೇಣದ ಬತ್ತಿ ತಂದು ಸ್ಟಡ್ ಬುಡಕ್ಕೆ ಒತ್ತಿ. ಕರಗಿದ ಮೇಣ ಬಿಸಿ ತ್ರೆಡ್ಡಿನೊಳಗೆ ತಾನೇ ಎಳೆದುಕೊಂಡು ಹೋಗೋದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಸ್ಪ್ರೇ ಮಾಡದ ಕೆಲಸವನ್ನು ಆ ಬತ್ತಿ ಮಾಡುತ್ತದೆ.

ಈಗ ಸ್ಪ್ಯಾನರ್. ಮೊದಲ ಎಳೆತ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ. ಕೂದಲೆಳೆಯಷ್ಟು. ಆಮೇಲೆ ಬಿಚ್ಚುವ ಕಡೆಗೆ ಅಷ್ಟೇ. ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಕಿರ್ ಅಂತ ಸಣ್ಣ ಸದ್ದು ಬಂದರೆ ಒಳ್ಳೆಯ ಶಕುನ. ಕಾಲು ಸುತ್ತು ಬಂತು ಅಂತ ಖುಷಿಯಲ್ಲಿ ಎಳೆದುಬಿಟ್ಟರೆ ಅಲ್ಲೇ ಮತ್ತೆ ಮುರಿಯುತ್ತದೆ. ಕಾಲು ಸುತ್ತು ಬಂದರೆ ಅದರಲ್ಲಿ ಅರ್ಧ ವಾಪಸ್ ಕಳಿಸಿ, ಎಣ್ಣೆ ಬಿಡಿ, ಮತ್ತೆ ಎಳೆಯಿರಿ. ನಟ್ ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ನಟ್ ಹಾಕಿ ವೆಲ್ಡ್ ಮಾಡಿಸಿ. ಪ್ರತಿ ಸಲದ ಕಾವೂ ಲೆಕ್ಕಕ್ಕೆ ಬರುತ್ತದೆ. ಮೊದಲ ನಟ್ಟಿಗೆ ಬರದ್ದು ಮೂರನೆಯದಕ್ಕೆ ಸರಾಗವಾಗಿ ಬರೋದು ಗ್ಯಾರೇಜಿನಲ್ಲಿ ದಿನನಿತ್ಯದ ಮಾತು.

ಅಷ್ಟಕ್ಕೂ ಬರದಿದ್ದರೆ ಹೆಡ್ಡನ್ನೂ ಕಾಯಿಸಬೇಕು. ಅಲ್ಯೂಮಿನಿಯಮ್ ಬಿಸಿಗೆ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸ್ಟಡ್ ಸುತ್ತಲಿನ ಹೆಡ್ 150 ಡಿಗ್ರಿ ಕಾದರೆ ತೂತು ಸ್ಟಡ್ಡಿಗಿಂತ ಒಂದು ಎಂಎಂನ ನೂರನೇ ಒಂದು ಭಾಗದಷ್ಟು ಜಾಸ್ತಿ ಹಿಗ್ಗುತ್ತದೆ. ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಹಿಡಿದ ಪುಡಿ ಬಿರಿಯಲು ಅಷ್ಟು ಸಾಕು. ಆದರೆ ಗ್ಯಾಸ್ ಕಟ್ಟರ್ ತರಬೇಡಿ. ಕಬ್ಬಿಣ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ, ಅಲ್ಯೂಮಿನಿಯಮ್ ಕೊಡುವುದಿಲ್ಲ. ಬಣ್ಣ ಬದಲಾಗದೆ ಇದ್ದಕ್ಕಿದ್ದಂತೆ ಕುಸಿದುಬಿಡುತ್ತದೆ. ಸಣ್ಣ ಬ್ಲೋ ಟಾರ್ಚ್ ಸಾಕು. ಬೆಣ್ಣೆ ದೋಸೆ ಹೊಯ್ಯುವವರು ಹೆಂಚಿಗೆ ನೀರು ಚಿಮುಕಿಸಿ ನೋಡುವ ಹಾಗೆ ನೋಡಿ. ಹನಿ ಚುರ್ ಅಂತ ಹಾರಿದರೆ ಅಲ್ಲಿಗೆ ನಿಲ್ಲಿಸಿ.

ಒಂದು ಎಚ್ಚರಿಕೆ, ಇದನ್ನು ಮಾತ್ರ ಹಗುರವಾಗಿ ತಗೋಬೇಡಿ. ನಿಮ್ಮದು ಕಾರ್ಬುರೇಟರ್ ಗಾಡಿ, ಬಾನೆಟ್ ಒಳಗೆ ಪೆಟ್ರೋಲ್ ಆವಿ ಇದ್ದೇ ಇರುತ್ತದೆ. ಪೆಟ್ರೋಲ್ ಪೈಪ್ ಕಳಚಿ ಬಾಯಿ ಮುಚ್ಚಿ, ಕಾರ್ಬುರೇಟರ್ ಇಳಿಸಿ ದೂರ ಇಡಿ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಆಲ್ಟರ್ನೇಟರ್ ವೈರನ್ನೂ ಕಳಚಿ. ವೆಲ್ಡಿಂಗ್ ಅರ್ತ್ ಕ್ಲಿಪ್ಪನ್ನು ಬಾಡಿಗಲ್ಲ, ಸ್ಟಡ್ ಹತ್ತಿರವೇ ಎಂಜಿನ್ನಿಗೆ ಕೊಡಿಸಿ. ಅಸಿಟೋನ್ ಹಾಕಿದ್ದರೆ ಪೂರ್ತಿ ಆರಿರಬೇಕು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ, ಕೆಲವು ಡಬ್ಬಿಗಳಲ್ಲಿ ಕ್ಲೋರಿನ್ ಸೇರಿದ ದ್ರಾವಣ ಇರುತ್ತದೆ, ಅದು ಸುಟ್ಟರೆ ಬರುವ ಗ್ಯಾಸ್ ಪ್ರಾಣಕ್ಕೆ ಅಪಾಯ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಹೆಡ್ ಇಳಿಸಬೇಕಾಗುವುದು ಒಂದೇ ಸಂದರ್ಭದಲ್ಲಿ. ಸ್ಟಡ್ ಹೆಡ್ ಮಟ್ಟಕ್ಕಿಂತ ಒಳಗೆ ಮುರಿದು, ನೇರವಾಗಿ ಡ್ರಿಲ್ ಹಿಡಿಯಲು ಜಾಗ ಇಲ್ಲದಿದ್ದರೆ. ಜಾಗ ಇದ್ದರೆ ಡ್ರಿಲ್ ಮಾಡಬಹುದು, ಆದರೆ ಕೈ ಅಂದಾಜಿನಲ್ಲಿ ಅಲ್ಲ. ಡ್ರಿಲ್ ಮೊನೆ ಯಾವಾಗಲೂ ಮೆತ್ತಗಿರುವ ಕಡೆಗೆ ಜಾರುತ್ತದೆ. ಉಕ್ಕಿನಿಂದ ಜಾರಿ ಅಲ್ಯೂಮಿನಿಯಮ್ಮಿಗೆ ಇಳಿದರೆ ಕತೆ ಮುಗಿಯಿತು. ಅದಕ್ಕೆ ಲೇತ್ ಅಂಗಡಿಗೆ ಹೋಗಿ ಒಂದು ಬುಷ್ ಮಾಡಿಸಿ. ಹೊರ ಅಳತೆ ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಕೂರುವಷ್ಟು, ಒಳಗೆ 4 ಎಂಎಂ ತೂತು. ಮ್ಯಾನಿಫೋಲ್ಡನ್ನೇ ವಾಪಸ್ ಕೂರಿಸಿ, ಉಳಿದ ಸ್ಟಡ್ಡುಗಳಿಗೆ ನಟ್ ಹಾಕಿ, ಆ ಬುಷ್ ಒಳಗಿಂದ ಡ್ರಿಲ್ ಬಿಟ್ಟರೆ ಮೊನೆ ಎಲ್ಲಿಗೂ ಜಾರುವುದಿಲ್ಲ. ದಾವಣಗೆರೆ, ಹರಿಹರ ಕಡೆ ಲೇತ್ ಕೆಲಸಕ್ಕೆ ಬರ ಇಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್‌ಗಳನ್ನೇ ತಯಾರಿಸುತ್ತಿದ್ದ ಕಾರ್ಖಾನೆ. ಇಂಥ ಬುಷ್ ತಿಳಿದ ಟರ್ನರ್‌ಗೆ ಚಹಾ ಆರುವುದರೊಳಗಿನ ಕೆಲಸ.

4 ಆದ ಮೇಲೆ 5, 6, ಕೊನೆಗೆ 6.8 ಎಂಎಂ ಬಿಟ್. 8 ಎಂಎಂ ತ್ರೆಡ್ಡಿಗೆ ಟ್ಯಾಪ್ ಹೊಡೆಯುವ (ತ್ರೆಡ್ ಕೊರೆಯುವ) ಮುಂಚಿನ ತೂತಿನ ಅಳತೆ ಅದೇ. ಮಧ್ಯಕ್ಕೆ ಸರಿಯಾಗಿ ಬಂದಿದ್ದರೆ ಹಳೆ ಸ್ಟಡ್ಡಿನ ತ್ರೆಡ್ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡು ಬರುತ್ತದೆ, ಚಿಮುಟದಲ್ಲಿ ಎಳೆದರೆ ಸಾಕು. ಎಡಗೈ ಡ್ರಿಲ್ ಬಿಟ್ ಅಂತ ಸಿಗುತ್ತದೆ, ಉಲ್ಟಾ ತಿರುಗುವಂಥದ್ದು. ಸಿಕ್ಕರೆ ಅದನ್ನೇ ಹಾಕಿ, ಎಷ್ಟೋ ಸಲ ಡ್ರಿಲ್ ಮಾಡುವಾಗಲೇ ತುಂಡು ತಿರುಗಿ ಈಚೆ ಬರುತ್ತದೆ. ಹೆಡ್ಡಿನ ತ್ರೆಡ್ಡೇ ಹಾಳಾಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ತ್ರೆಡ್ ಆಗಿ ಕೂರುವ ತಂತಿ ಸುರುಳಿ, ಹಾಕಿಸಿ. ಅದು ಕಳಪೆ ರಿಪೇರಿ ಅಂತ ಕೆಲವರು ಮೂಗು ಮುರಿಯುತ್ತಾರೆ. ಅಲ್ಯೂಮಿನಿಯಮ್ಮಿನಲ್ಲಿ ಸರಿಯಾಗಿ ಕೂರಿಸಿದ ಹೆಲಿಕಾಯಿಲ್ ಕಂಪನಿಯ ತ್ರೆಡ್ಡಿಗಿಂತ ಗಟ್ಟಿ.

ಜೋಡಿಸುವಾಗ ಹೊಸ ಸ್ಟಡ್, ಹೊಸ ಗ್ಯಾಸ್ಕೆಟ್, ತಾಮ್ರದ ಆಂಟಿ ಸೀಜ್ ಗ್ರೀಸ್ ತೆಳ್ಳಗೆ. ಗ್ರೀಸ್ ಹಾಕಿದ ತ್ರೆಡ್ ಸುಲಭವಾಗಿ ಜಾರುತ್ತದೆ, ಅದಕ್ಕೆ ಬಿಗಿಯನ್ನು ಸ್ವಲ್ಪ ಕಡಿಮೆ ಮಾಡಬೇಕು. ಮಧ್ಯದಿಂದ ಶುರು ಮಾಡಿ ತುದಿಗೆ ಬನ್ನಿ. ಉಳಿದ ಸ್ಟಡ್ಡುಗಳನ್ನೂ ಈಗಲೇ ಬದಲಾಯಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಟ್ ಸಲೀಸಾಗಿ ಬಿಚ್ಚಿದ ಸ್ಟಡ್ ತನ್ನ ಪಾಡಿಗೆ ತಾನು ಇರಲಿ.

ಪ್ರಶ್ನೆ: ಇಂಟೇಕ್ ಕಡೆಯ ಅಲ್ಯೂಮಿನಿಯಮ್ ವಾಟರ್ ಪೈಪ್ ಹೌಸಿಂಗ್‌ನಲ್ಲಿ 6 ಎಂಎಂ ಬೋಲ್ಟ್ ಮುರಿದಿತ್ತು. ಅದಕ್ಕೆ ಈಜಿ ಔಟ್ ಹಾಕಿದರು, ಅದೂ ಒಳಗೇ ಮುರಿಯಿತು. ಈಗ ಯಾವ ಡ್ರಿಲ್ಲೂ ಕಚ್ಚುತ್ತಿಲ್ಲ. ಮೇಲೆ ಹೊಳಪು ಬರುತ್ತದೆ ಅಷ್ಟೆ. ಹೌಸಿಂಗ್ ಹೊಸದು ಎಲ್ಲೂ ಸಿಗುತ್ತಿಲ್ಲ. ಎಸೆಯುವುದೇ ಗತಿಯೇ?
– ಓದುಗರು, ಚಳ್ಳಕೆರೆ

ಉತ್ತರ: ಎಸೆಯಬೇಡಿ. ಕಚ್ಚುವುದಿಲ್ಲ ಅನ್ನೋದು ಸಹಜ. ಈಜಿ ಔಟ್ ಕೂಡ ಡ್ರಿಲ್ ಬಿಟ್ಟಿನಷ್ಟೇ ಗಟ್ಟಿ ಉಕ್ಕು, ಒಂದು ಇನ್ನೊಂದನ್ನು ಕೊರೆಯುವುದು ಹೇಗೆ?

ನಿಮ್ಮದು ಬಿಚ್ಚಿ ಕೈಗೆ ತಗೊಳ್ಳಬಹುದಾದ ಬಿಡಿ ಭಾಗ, ಪೂರ್ತಿ ಅಲ್ಯೂಮಿನಿಯಮ್. ಇಂಥದ್ದಕ್ಕೆ ಒಂದು ಹಳೆ ಉಪಾಯ ಇದೆ. ಕ್ಷೌರದ ಅಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕ. ಬಿಸಿ ನೀರಿನಲ್ಲಿ ಕರಗುವಷ್ಟೂ ಕರಗಿಸಿ, ಅದರಲ್ಲಿ ಹೌಸಿಂಗ್ ಮುಳುಗಿಸಿ, ಕುದಿಯುವುದಕ್ಕಿಂತ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಇಡಬೇಕು. ಪಟಿಕದ ನೀರು ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನು ಮುಟ್ಟುವುದಿಲ್ಲ ಅನ್ನುವಷ್ಟು ಕಡಿಮೆ ಮುಟ್ಟುತ್ತದೆ. ಗಡಿಯಾರ ರಿಪೇರಿ ಮಾಡುವವರು ಹಿತ್ತಾಳೆಯಲ್ಲಿ ಮುರಿದ ಸ್ಕ್ರೂ ತೆಗೆಯಲು ಇದನ್ನೇ ಮಾಡುತ್ತಿದ್ದರು. ಮುರಿದ ತುಂಡಿನ ಮೇಲಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ. ಕಪ್ಪು ಮಡ್ಡಿ ಕಟ್ಟಿದರೆ ಬ್ರಷ್‌ನಲ್ಲಿ ಉಜ್ಜಿ, ಹೊಸ ಪಟಿಕ ಹಾಕಿ. ಗಂಟೆಗಳ ಲೆಕ್ಕವೋ ದಿನಗಳ ಲೆಕ್ಕವೋ ತುಂಡಿನ ದಪ್ಪದ ಮೇಲೆ ಹೋಗುತ್ತದೆ, ಆತುರ ಬೇಡ. ಗಾಜಿನ ಪಾತ್ರೆ ಇಲ್ಲವೇ ಹಳೆ ಅಲ್ಯೂಮಿನಿಯಮ್ ಪಾತ್ರೆ ತಗೊಳ್ಳಿ. ಕಬ್ಬಿಣ, ಸ್ಟೀಲ್ ಪಾತ್ರೆ ಬೇಡ. ಅಂಗಳದಲ್ಲಿ ಮಾಡಿ, ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಇದನ್ನು ಓದಿ ನಿಟ್ಟುವಳ್ಳಿಯವರು ಹೆಡ್ಡನ್ನೇ ಪಟಿಕದಲ್ಲಿ ಮುಳುಗಿಸಬೇಡಿ. ಹೆಡ್ಡಿನಲ್ಲಿ ವಾಲ್ವ್ ಸೀಟು, ಗೈಡು ಎಲ್ಲ ಇರುತ್ತವೆ, ಅವನ್ನೂ ತಿಂದು ಹಾಕುತ್ತದೆ.

ಕಾಯುವ ತಾಳ್ಮೆ ಇಲ್ಲದಿದ್ದರೆ ಸ್ಪಾರ್ಕ್ ಇರೋಷನ್ ಮಿಷನ್ ಇರುವ ಕಡೆ ಹೋಗಿ. ಡೈ ಮಾಡುವ ವರ್ಕ್‌ಶಾಪ್‌ಗಳಲ್ಲಿ ಇರುತ್ತದೆ, ಬೆಂಗಳೂರಿನ ಪೀಣ್ಯದ ಕಡೆ ಕೇಳಿದರೆ ಸಿಗುತ್ತದೆ. ಅದು ತಾಮ್ರದ ಕಡ್ಡಿಯಿಂದ ಕಿಡಿ ಹಾರಿಸಿ ಉಕ್ಕನ್ನು ಚೂರು ಚೂರೇ ಕರಗಿಸುತ್ತದೆ, ಎಷ್ಟೇ ಗಟ್ಟಿ ಇರಲಿ ಅದಕ್ಕೆ ಲೆಕ್ಕವಿಲ್ಲ. ಪಂಚ್ ಇಟ್ಟು ಕುಟ್ಟಿ ಪುಡಿ ಮಾಡುವವರೂ ಇದ್ದಾರೆ. ಈಜಿ ಔಟ್ ಪೆಡಸು, ಕೆಲವು ಸಲ ಒಡೆಯುತ್ತದೆ ನಿಜ. ಆದರೆ ತೆಳ್ಳಗಿನ ಹೌಸಿಂಗ್ ಅದಕ್ಕಿಂತ ಮೊದಲು ಒಡೆಯಬಹುದು, ಚೂರು ಕಣ್ಣಿಗೂ ಹಾರಬಹುದು. ನಾನಾದರೆ ಪಟಿಕದ ದಾರಿಯನ್ನೇ ಹಿಡಿಯುತ್ತೇನೆ.

ಪ್ರಶ್ನೆ: ನನ್ನ ಹತ್ತಿರ ಹಳೆ ಪೆಟ್ರೋಲ್ ಅಂಬಾಸಿಡರ್ ಇದೆ. ಬ್ಲಾಕಿನಲ್ಲಿ ಮುರಿದಿದ್ದ ಬೋಲ್ಟನ್ನು ಹೇಗೋ ತೆಗೆಸಿದೆ. ಈಗ ಹೊಸ 8 ಎಂಎಂ ಬೋಲ್ಟ್ ಒಂದೆರಡು ಸುತ್ತು ಹೋಗಿ ನಿಂತುಬಿಡುತ್ತದೆ. ಹಳೆ ಬೋಲ್ಟಿನ ತಲೆಗೆ 13 ನಂಬರ್ ಸ್ಪ್ಯಾನರ್ ಹಾಕಿದರೆ ಸ್ವಲ್ಪ ಲೂಸ್. ಟ್ಯಾಪ್ ಹೊಡೆಸಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಇನ್ನೊಂದು, ಮುಂದೆ ಹೀಗಾದರೆ ಬೋಲ್ಟ್ ಕೆಂಪಗೆ ಕಾಯಿಸಿ ತಣ್ಣೀರು ಸುರಿ ಅಂತ ಲಾರಿ ಗ್ಯಾರೇಜಿನವರು ಹೇಳಿದರು. ಹೌದೇ?
– ಓದುಗರು, ಚಿತ್ರದುರ್ಗ

ಉತ್ತರ: ಟ್ಯಾಪ್ ಹೊಡೆಸಬೇಡಿ ಯಜಮಾನ್ರೆ. ತೂತು ಸರಿಯಾಗಿಯೇ ಇದೆ, ನಿಮ್ಮ ಕೈಯಲ್ಲಿರುವ ಬೋಲ್ಟೇ ಬೇರೆ ಜಾತಿಯದು.

ನಿಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ ಮೂಲದಲ್ಲಿ ಇಂಗ್ಲೆಂಡಿನ ಬಿಎಂಸಿ ಕಾರ್ ಕಂಪನಿಯ ವಿನ್ಯಾಸ. ಅದರ ಬೋಲ್ಟುಗಳು ಇಂಚಿನ ಲೆಕ್ಕದವು. 13 ನಂಬರ್ ಸ್ಪ್ಯಾನರ್ ಲೂಸ್ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಅದು ಅರ್ಧ ಇಂಚಿನ ತಲೆ, ಅಂದರೆ 12.7 ಎಂಎಂ. ಅರ್ಧ ಇಂಚಿನ ತಲೆ ಇದ್ದರೆ ಬೋಲ್ಟ್ ದಪ್ಪ ಸಾಮಾನ್ಯವಾಗಿ 5/16 ಇಂಚು, ಅಂದರೆ 7.94 ಎಂಎಂ. 8 ಎಂಎಂಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ತ್ರೆಡ್ಡಿನ ಓಟ ಬೇರೆ. 8 ಎಂಎಂ ಬೋಲ್ಟಿನಲ್ಲಿ ಒಂದು ತ್ರೆಡ್ಡಿನಿಂದ ಇನ್ನೊಂದಕ್ಕೆ 1.25 ಎಂಎಂ. ಇಂಚಿನ ಸಣ್ಣ ತ್ರೆಡ್ಡಿನಲ್ಲಿ ಇಂಚಿಗೆ 24, ಅಂದರೆ ಒಂದು ಎಂಎಂಗಿಂತ ಚೂರು ಜಾಸ್ತಿ. ದಪ್ಪ ತ್ರೆಡ್ಡಿನಲ್ಲಿ ಇಂಚಿಗೆ 18. ಒಂದೆರಡು ಸುತ್ತು ಸುಳ್ಳು ಸುಳ್ಳೇ ಹೋಗಿ ಕಚ್ಚಿಕೊಳ್ಳುವುದು ಅದಕ್ಕೇ. ಅಲ್ಲಿಂದ ಮುಂದೆ ಎಳೆದರೆ ಇನ್ನೊಂದು ಬೋಲ್ಟ್ ಮುರಿಯುತ್ತದೆ, ಇಲ್ಲವೇ ಬ್ಲಾಕಿನ ತ್ರೆಡ್ ಹೋಗುತ್ತದೆ.

ಮುರಿದ ಹಳೆ ಬೋಲ್ಟಿನ ತುಂಡು ಇದೆಯಲ್ಲ, ಅದರ ಮೇಲೆ ಸ್ಕೇಲ್ ಇಟ್ಟು ಅರ್ಧ ಇಂಚಿನಲ್ಲಿ ಎಷ್ಟು ತ್ರೆಡ್ ಇದೆ ಎಣಿಸಿ. 12 ಬಂದರೆ ಸಣ್ಣ ತ್ರೆಡ್, 9 ಬಂದರೆ ದಪ್ಪ ತ್ರೆಡ್. ಅದನ್ನು ಹಿಡಿದುಕೊಂಡು ಕಾರ್ ಅಂಗಡಿಗಿಂತ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹೋಗಿ. ಹಳೆ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳಿಗೂ ಇಂಚಿನ ಬೋಲ್ಟುಗಳೇ, ನಮ್ಮ ಕಡೆ ಅವು ಈಗಲೂ ಹೊಲ ಉಳುತ್ತಿವೆ, ಬೋಲ್ಟ್ ಸಿಗುತ್ತದೆ. ಹಾಗೇ ಅರ್ಧ ಇಂಚಿನ ಸ್ಪ್ಯಾನರ್ ಒಂದು ತಂದಿಟ್ಟುಕೊಳ್ಳಿ. 13 ಹಾಕಿ ಹಾಕಿಯೇ ಇಂಥ ಗಾಡಿಗಳ ಬೋಲ್ಟ್ ತಲೆಗಳು ಗುಂಡಗಾಗಿರುವುದು. ನಿಮ್ಮದಕ್ಕೆ ಯಾರಾದರೂ ಆಮೇಲೆ ಬಂದ ಇಸುಜು ಎಂಜಿನ್ ಕೂರಿಸಿದ್ದರೆ ಮಾತ್ರ ಲೆಕ್ಕ ಎಂಎಂಗೆ ಬರುತ್ತದೆ.

ಬೋಲ್ಟ್ ಹಾಕುವ ಮುಂಚೆ ತೂತನ್ನು ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಒರೆಸಿ ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ, ಬೋಲ್ಟ್ ಬಿಗಿಯುತ್ತಾ ಹೋದಂತೆ ಅದಕ್ಕೆ ಹೋಗಲು ದಾರಿ ಇರುವುದಿಲ್ಲ, ಬೀಡು ಬಿರುಕು ಬಿಡುತ್ತದೆ.

ಕೆಂಪಗೆ ಕಾಯಿಸುವ ಮಾತು ಅರ್ಧ ಸರಿ. ಅಂಬಾಸಿಡರಿನ ಬ್ಲಾಕ್, ಹೆಡ್ ಎರಡೂ ಬೀಡು. ಬೀಡೂ ಉಕ್ಕೂ ಬಿಸಿಗೆ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ, ಹಾಗಾಗಿ ಮಾರುತಿಯ ಹಾಗೆ ಸುತ್ತಲಿನ ಜಾಗ ಕಾಯಿಸಿ ಲಾಭ ಕಡಿಮೆ. ಇಲ್ಲಿ ಬೋಲ್ಟನ್ನೇ ಕಾಯಿಸಬೇಕು, ತಾನೇ ಹಿಗ್ಗಿ ತಾನೇ ಕುಗ್ಗಲಿ ಅಂತ. ಆದರೆ ತಣ್ಣೀರು ಸುರಿಯಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಸೀಳಿದ ಬ್ಲಾಕಿನ ಮುಂದೆ ಮುರಿದ ಬೋಲ್ಟ್ ಏನೂ ಅಲ್ಲ. ಗಾಳಿಗೆ ಬಿಡಿ, ಮೇಣ ಹಚ್ಚಿ, ಕಾಯಿರಿ.

ಪ್ರಶ್ನೆ: ಜಾಮ್ ಆದ ನಟ್ಟಿಗೆ ಡಬ್ಲ್ಯೂಡಿ-40 ಒಳ್ಳೆಯದಾ, ಸೀಮೆಎಣ್ಣೆ ಒಳ್ಳೆಯದಾ, ಕೋಕಾ ಕೋಲಾ ಒಳ್ಳೆಯದಾ? ನಮ್ಮ ಬೀದಿಯಲ್ಲಿ ಮೂರಕ್ಕೂ ವಕೀಲರಿದ್ದಾರೆ.
– ಓದುಗರು, ಹಿರಿಯೂರು

ಉತ್ತರ: ಕೋಲಾ ಕುಡಿಯಿರಿ. ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇದೆ, ಮೇಲ್ಮೈಯ ತುಕ್ಕು ಸ್ವಲ್ಪ ಬಿಡಿಸುತ್ತದೆ, ತ್ರೆಡ್ ಒಳಗೆ ಏನೂ ಮಾಡುವುದಿಲ್ಲ. ಆಮೇಲೆ ಸಕ್ಕರೆ ಅಂಟು ಬೇರೆ. ಡಬ್ಲ್ಯೂಡಿ-40 ಅಮೆರಿಕದಲ್ಲಿ 1953ರಲ್ಲಿ ಮಾಡಿದ್ದು ತೇವ ಓಡಿಸಿ ತುಕ್ಕು ತಡೆಯಲಿಕ್ಕೆ, ಹಿಡಿದ ಬೋಲ್ಟ್ ಬಿಡಿಸುವುದಕ್ಕಲ್ಲ. ಹೊಸ ತುಕ್ಕಿಗೆ ನಡೆಯುತ್ತದೆ. ಹಳೆಯದಕ್ಕೆ ಪೆನಿಟ್ರೇಟಿಂಗ್ ಆಯಿಲ್ ಅಂತಲೇ ಬರೆದಿರುವ ಡಬ್ಬಿ ಕೇಳಿ ತಗೊಳ್ಳಿ. ಸೀಮೆಎಣ್ಣೆ ತೆಳ್ಳಗೆ ಇಳಿಯುತ್ತದೆ, ರಾತ್ರಿಯಿಡೀ ಬಿಟ್ಟರೆ ಪರವಾಗಿಲ್ಲ. ಬಿಸಿ ಎಂಜಿನ್ನಿಗೆ ಮಾತ್ರ ಬಿಡಬೇಡಿ. ನಿಮ್ಮ ಬೀದಿಯ ವಕೀಲರಿಗೆ ಇನ್ನೊಂದು ಮಾತು ಹೇಳಿ: ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಹಾಕಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ತಲೆಯನ್ನು ಗುಂಡಗೆ ಮಾಡಿಬಿಡುತ್ತದೆ, ಆಮೇಲೆ ಯಾವ ಎಣ್ಣೆಯೂ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಕಾರಿನಲ್ಲಿ ರೇಡಿಯೇಟರ್ ನೀರು ಹೋಗುವ ಕಡೆಯ ಬೋಲ್ಟುಗಳೇ ಜಾಸ್ತಿ ಹಿಡಿದುಕೊಳ್ಳುತ್ತವೆ. ನಾವು ಬೋರ್‌ವೆಲ್ ನೀರೇ ಹಾಕುತ್ತೇವೆ, ಊರಿನವರೆಲ್ಲ ಹಾಕುವುದು ಅದನ್ನೇ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
– ಓದುಗರು, ಹೊಳಲ್ಕೆರೆ

ಉತ್ತರ: ಇದೆ. ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಅನ್ನೋದು ಸ್ನಾನದ ಮನೆಯ ಹಂಡೆಯ ತಳ ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪದರ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟುತ್ತದೆ. ಆ ನೀರಿನ ಉಪ್ಪು ಉಕ್ಕಿನ ಬೋಲ್ಟಿಗೂ ಅಲ್ಯೂಮಿನಿಯಮ್ಮಿಗೂ ಮಧ್ಯೆ ಕೊರೆತವನ್ನು ಇನ್ನೂ ಚುರುಕು ಮಾಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಪಾಲು ಕಲಸಿ ಹಾಕಿ. ಡಬ್ಬಿಯ ಮೇಲೆ ಮೊದಲೇ ಕಲಸಿದ್ದು ಅಂತ ಇದ್ದರೆ ನೀರು ಬೆರೆಸಬೇಡಿ. ಕೂಲೆಂಟ್ ಅಂದರೆ ಚಳಿ ದೇಶದವರಿಗೆ ಅಂತ ಅಂದುಕೊಂಡವರು ಬಹಳ ಜನ. ಅದರಲ್ಲಿ ನಮಗೆ ಬೇಕಾಗಿರೋದು ಕೊರೆತ ತಡೆಯುವ ಮದ್ದು. ಆ ಮದ್ದಿಗೂ ಆಯುಷ್ಯ ಇದೆ, ಡಬ್ಬಿಯ ಮೇಲೆ ಬರೆದ ಅವಧಿಗೆ ಬದಲಾಯಿಸಿ.

ಆದರೆ ಇಷ್ಟು ವರ್ಷ ಬೋರ್ ನೀರು ಕುಡಿದ ಗಾಡಿಗೆ ಏಕಾಏಕಿ ಕೂಲೆಂಟ್ ಸುರಿದರೆ ಹಳೆ ಮಡ್ಡಿ ಎದ್ದು ರೇಡಿಯೇಟರ್ ಕಟ್ಟಿಕೊಳ್ಳಬಹುದು. ಮೊದಲು ಒಳ್ಳೆಯ ನೀರಿನಲ್ಲಿ ಫ್ಲಶ್ ಮಾಡಿಸಿ, ಈಚೆ ಬರುವ ನೀರು ತಿಳಿಯಾಗುವವರೆಗೆ. ಎಂಜಿನ್ ತಣ್ಣಗಿದ್ದಾಗಲೇ ಕ್ಯಾಪ್ ತೆಗೆಯಿರಿ. ವಾಟರ್ ಪೈಪಿನ ಬೋಲ್ಟುಗಳಲ್ಲಿ ಈಗ ಸಲೀಸಾಗಿ ಬರುವುದನ್ನು ಒಂದೊಂದಾಗಿ ಬಿಚ್ಚಿ, ಗ್ರೀಸ್ ಹಚ್ಚಿ, ವಾಪಸ್ ಹಾಕಿ. ಬರದಿರುವುದಕ್ಕೆ ಎಣ್ಣೆ ಬಿಟ್ಟು ನಾಳೆ ನೋಡಿ.